ಕಡ ತಂದ ಕಸ

ಕಿತ್ತಳೆ ಸುಲಿಯುವಾಗ ನಿಮ್ಮ ಕಣ್ಣು ಹಣ್ಣಿನ ಮೇಲಿರುತ್ತದೋ ಸಿಪ್ಪೆಯ ಮೇಲೋ, ನಿಜ ಹೇಳಿ. ನನ್ನದಂತೂ ಸಿಪ್ಪೆಯ ಮೇಲೆಯೇ. ಹಣ್ಣು ಬಾಯಿಗೆ ಹಾಕಿದರೆ ಮುಗಿಯಿತು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಹುರಿದು, ಹುಣಿಸೆರಸ ಬೆಲ್ಲದಲ್ಲಿ ಕುದಿಸಿ ಗೊಜ್ಜು ಮಾಡಿಟ್ಟರೆ ಎಷ್ಟೋ ದಿನದ ಮೊಸರನ್ನಕ್ಕೆ ಆಸರೆ. ಮೈಸೂರು ಕಡೆಯ ತವರಿನಲ್ಲಿ ನಾನು ಕಲಿತದ್ದೇ ಇದು: ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಬಾಳೆಕಾಯಿಯದು ಪಲ್ಯಕ್ಕೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಕಾಫಿಯ ಚರಟ ಬಾಲ್ಕನಿಯ ಕರಿಬೇವಿಗೆ, ಯಾವುದಕ್ಕೂ ಒದಗದ್ದು ಬೀದಿಯ ಹಸುವಿಗೆ. ಇಂಥವಳ ಮನೆಯಲ್ಲಿ ಕಸದ ಬುಟ್ಟಿಯೆಂದರೆ ಮದುವೆಮನೆಗೆ ಬಂದ ದೂರದ ನೆಂಟನಿದ್ದಂತೆ. ಒಂದು ಮೂಲೆಯಲ್ಲಿ ಕೂತಿರುತ್ತಾನೆ, ಯಾರೂ ಮಾತಾಡಿಸುವುದಿಲ್ಲ.

ಚೆನ್ನೈನ ಬೆಸೆಂಟ್ ನಗರದ ನಮ್ಮ ಅಪಾರ್ಟ್‌ಮೆಂಟಿಗೆ ಹಸಿ ಕಸವನ್ನು ಗೊಬ್ಬರ ಮಾಡುವ ಡ್ರಮ್ಮುಗಳು ಬಂದಾಗ, ಬ್ಯಾಂಕಿನಿಂದ ನಿವೃತ್ತರಾಗಿ ಇನ್ನು ಯಾರನ್ನು ಲೆಕ್ಕ ಕೇಳಲಿ ಎಂದು ಚಡಪಡಿಸುತ್ತಿದ್ದ ನಮ್ಮವರು, "ಪರಿಸರಕ್ಕೆ ಒಳ್ಳೇದು ಮಾಡಿದ್ರೆ ಸಾಲದು, ಎಷ್ಟು ಒಳ್ಳೇದಾಯ್ತು ಅಂತ ಅಳೀಬೇಕು" ಎಂದು ಕಮಿಟಿಯಲ್ಲಿ ಎದ್ದು ನಿಂತರು. ಎದ್ದು ನಿಂತವರ ಕೈಗೇ ತಕ್ಕಡಿ ಬಂತು. ಅಂದಿನಿಂದ ದಿನಾ ಬೆಳಿಗ್ಗೆ ಕೊಕ್ಕೆಯ ತಕ್ಕಡಿ ಹಿಡಿದು ಮನೆಮನೆಯ ಬುಟ್ಟಿ ತೂಗುವುದು, ತೂಕ ಚೆನ್ನಾಗಿ ಬಂದ ಮನೆಯ ಬಾಗಿಲಿಗೆ ಹಸಿರು ಕಾಗದದ ಎಲೆ ಅಂಟಿಸುವುದು. ಡ್ರಮ್ಮಿಗೆ ಎಷ್ಟು ಕಸ ಬಿತ್ತೋ ಭೂಮಿತಾಯಿಗೆ ಅಷ್ಟು ಉಪಕಾರ ಎಂಬುದು ಅವರ ಸಿದ್ಧಾಂತ. ನೋಡನೋಡುತ್ತ ಎದುರುಮನೆಯ ಜಾನಕಿ ಮಾಮಿಯ ಬಾಗಿಲು ಆಲದ ಮರವಾಯಿತು. ನಮ್ಮದು ಬೋಳು. ನಮ್ಮ ಬುಟ್ಟಿಯಲ್ಲಿ ಇರುತ್ತಿದ್ದದ್ದೇ ಊಟದ ಹೊತ್ತಿಗೆ ನಮ್ಮವರು ಮುಖ ಸಿಂಡರಿಸಿ ತಟ್ಟೆಯಂಚಿಗೆ ಎತ್ತಿಡುವ ನಾಲ್ಕು ಕರಿಬೇವಿನ ಎಲೆ. ಅದಕ್ಕೆ ತಕ್ಕಡಿಯ ಮುಳ್ಳು ಅಲ್ಲಾಡುತ್ತದೆಯೇ?

ಬಾಗಿಲು ಬೋಳಾದರೆ ಆಗಲಿ, ಬಾಗಿಲಿಗೇನು ನಾಚಿಕೆ ಅಂದುಕೊಂಡಿದ್ದೆ. ಆದರೆ ಒಂದು ದಿನ ಲಿಫ್ಟಿನಲ್ಲಿ ಇಬ್ಬರು ಹೆಂಗಸರು, ಈ ಕನ್ನಡದಮ್ಮನಿಗೆ ತಮಿಳು ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ನನ್ನ ಬೆನ್ನಿಗೇ, "ಅಂದ ವೀಟ್ಲ ಸಮಯಲೇ ಕಿಡೆಯಾದು ಪೋಲ" ಅಂದರು. ಆ ಮನೆಯಲ್ಲಿ ಅಡುಗೆಯೇ ಇಲ್ಲವೇನೋ ಅಂತೆ! ಅಯ್ಯೋ, ನನ್ನ ಮೈಯೆಲ್ಲ ಉರಿದುಹೋಯಿತು. ಜಿಪುಣಿ ಅನ್ನಲಿ, ಬಾಯಿಬಡುಕಿ ಅನ್ನಲಿ, ಅದರಲ್ಲಿ ಸುಳ್ಳೇನಿದೆ; ಒಲೆ ಹಚ್ಚದವಳು ಅನ್ನುವುದೇ? ಆ ರಾತ್ರಿ ಸಿಟ್ಟಿಗೆ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ನಮ್ಮವರ ಸಂಕಟ ಬೇರೆ. ಊರಿಗೆಲ್ಲ ತೂಗುವವನ ಮನೆಗೇ ತೂಕವಿಲ್ಲವಲ್ಲ! "ಲೇ, ಒಂದೇ ಒಂದು ವಾರ ಸಿಪ್ಪೆ ಬುಟ್ಟಿಗೆ ಹಾಕೇ" ಎಂದು ಗೋಗರೆದರು. "ನಿಮ್ಮ ಕಾಗದದ ಎಲೆಗೋಸ್ಕರ ಚಟ್ನಿ ಎಸೀಲಾ? ನನ್ನ ಕೈಯಲ್ಲಾಗಲ್ಲ ಕಣ್ರೀ" ಅಂದೆ. ಆಮೇಲೆ ಉಪಾಯಕ್ಕಿಳಿದರು. ಸಿಪ್ಪೆ ದಪ್ಪಗಿರುವ ಕಲ್ಲಂಗಡಿಯನ್ನೇ ಹುಡುಕಿ ಹೊತ್ತು ತಂದರು, ದೋಸೆಯಾಯಿತು. ಹಲಸು ತಂದರು, ಬೀಜ ಹುಳಿಗೆ ಬಿತ್ತು, ಮುಳ್ಳುಸಿಪ್ಪೆಯಾದರೂ ದಕ್ಕೀತೆಂದು ಅವರು ಬುಟ್ಟಿ ತರುವಷ್ಟರಲ್ಲಿ ನಾನು ಅದನ್ನು ಹಸುವಿನ ಮುಂದೆ ಸುರಿದು ಬಂದಿದ್ದೆ. ಬಾಲ್ಕನಿಯಿಂದ ಅವರು ಆ ಹಸುವನ್ನು ನೋಡಿದ ನೋಟವಿದೆಯಲ್ಲ, ಸದ್ಯ, ಹಸು ತಲೆಯೆತ್ತಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಮಾಮಿಯ ಬಾಗಿಲು ತಟ್ಟಿಯೇಬಿಟ್ಟರು. ಲೋಕದಲ್ಲಿ ಸಕ್ಕರೆ ಕಡ ಕೇಳುವವರುಂಟು, ಕಾಫಿಪುಡಿ ಕೇಳುವವರುಂಟು, ಹೆಪ್ಪಿಗೆ ಮಜ್ಜಿಗೆ ಕೇಳುವವರೂ ಉಂಟು. ನಮ್ಮವರು ತಗ್ಗಿದ ದನಿಯಲ್ಲಿ, "ಮಾಮಿ, ಕೊಂಜಂ ಕುಪ್ಪೆ ಕೆಡೆಕ್ಕುಮಾ?" ಅಂದರು. ಸ್ವಲ್ಪ ಕಸ ಸಿಕ್ಕೀತೇ, ಅಂತ! ಮಾಮಿ ಬಿದ್ದು ಬಿದ್ದು ನಕ್ಕು ತಮ್ಮ ಸ್ಟೀಲ್ ಡಬ್ಬಿಯ ತುಂಬ ತುಂಬಿಕೊಟ್ಟರು. ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ಇವರು ತಕ್ಕಡಿ ತರಲು ಹೋದರು. ನಾನು ಮುಚ್ಚಳ ತೆಗೆದು ನೋಡುತ್ತೇನೆ, ಆಗತಾನೇ ಹೆರೆದ ಎಳೇ ಹೀರೇಕಾಯಿಯ ಸಿಪ್ಪೆ! ಇನ್ನೂ ತೇವ ಕೂಡ ಆರಿಲ್ಲ. ಕೈ ಸುಮ್ಮನಿರಬೇಕಲ್ಲ? ತಕ್ಕಡಿ ಎಲ್ಲಿಟ್ಟೆನೆಂದು ಅವರು ಮನೆಯೆಲ್ಲ ತಡಕಾಡಿ ಬರುವ ಹೊತ್ತಿಗೆ ಸಿಪ್ಪೆ ಬಾಣಲೆಯಲ್ಲಿ ಘಮಘಮಿಸುತ್ತಿತ್ತು.

"ಅಯ್ಯೋ, ಅದು ಕಡ ತಂದದ್ದು ಕಣೇ!"

"ಕಡ ತಂದಿದ್ರೆ ವಾಪಸ್ ಕೊಡೋಣ ಬಿಡಿ" ಅಂದೆ. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅದೇ ಡಬ್ಬಿಯನ್ನು ತೊಳೆದು, ಅದೇ ಸಿಪ್ಪೆಯ ಚಟ್ನಿ ತುಂಬಿ, ನಾನೇ ಹೋಗಿ ಕೊಟ್ಟೆ.

ಮಾಮಿ ಬೆರಳಿನಿಂದ ತೆಗೆದು ನೆಕ್ಕಿದರು. ಕಣ್ಣಲ್ಲಿ ನೀರು. ಖಾರ ಜಾಸ್ತಿಯಾಯಿತೇ ಎಂದು ನಾನು ಹೆದರಿದರೆ, ಅವರು ಹೇಳಿದ್ದು ಬೇರೆಯೇ. ಹೀರೇಕಾಯಿ ತಂದಾಗಲೆಲ್ಲ ಅವರೂ ಸಿಪ್ಪೆಯ ತೊಗೆಯಲ್, ಎಂದರೆ ಇದೇ ಚಟ್ನಿ, ಅರೆಯುತ್ತಿದ್ದರಂತೆ. ತಕ್ಕಡಿ ಬಂದ ಮೇಲೆ ತೂಕ ಕಡಿಮೆಯಾದೀತೆಂದು ಬಿಟ್ಟರಂತೆ. ಅವರ ಯಜಮಾನರಾದ ಮಾಮ ಬರೀ ಮಜ್ಜಿಗೆ ಅನ್ನ ಕಲಸಿಕೊಂಡು ಬಾಗಿಲ ಎಲೆಗಳನ್ನು ದಿಟ್ಟಿಸುತ್ತಾರಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ ನನಗೆ. ಗೊಬ್ಬರ ಬೇಡವೆನ್ನಲು ನಾನ್ಯಾರು. ಬಿಸಾಡಲೇಬೇಕಾದದ್ದು ಮಣ್ಣಾಗಿ ಮತ್ತೆ ಕಾಯಿಯಾಗುವುದಕ್ಕಿಂತ ಚೆಂದದ ಸಂಗತಿ ಯಾವುದಿದೆ? ಆದರೆ ಬುಟ್ಟಿಗೆ ಬಿದ್ದದ್ದನ್ನು ಕೊಕ್ಕೆಗೆ ಸಿಕ್ಕಿಸಿ ತೂಗಬಹುದು ಮಹರಾಯರೇ, ಬೀಳದೇ ಉಳಿದದ್ದನ್ನು ಯಾವ ಕೊಕ್ಕೆಗೆ ಸಿಕ್ಕಿಸುತ್ತೀರಿ?

ಮುಂದಿನ ಭಾನುವಾರ ತಾರಸಿಯ ಮೇಲೆ ಸಭೆ. ತೂಗುವವರ ಮನೆಯದೇ ಏಕೆ ಇಷ್ಟು ಕಡಿಮೆ ಎಂದು ಸೆಕ್ರೆಟರಿ ನಗುತ್ತಲೇ ಚುಚ್ಚಿದರು. ಲಿಫ್ಟಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ನಮ್ಮವರು ಎದ್ದರು, ಗಂಟಲು ಸರಿಮಾಡಿಕೊಂಡರು, ತಮಗೆ ಬರುವ ತಮಿಳಿನಲ್ಲಿ ಘೋಷಿಸಿದರು: "ಎಂಗ ವೀಟ್ಟು ಕುಪ್ಪೆಯ ನಾಂಗಳೇ ಸಾಪ್ಟುಡುವೋಂ!"

ನಮ್ಮ ಮನೆಯ ಕಸ ನಾವೇ ತಿಂದುಬಿಡುತ್ತೇವೆ! ಸಮುದ್ರದ ಗಾಳಿ ಕೂಡ ನಿಂತಂತಾಯಿತು. ಭೂಮಿ ಬಾಯ್ಬಿಡಬಾರದೇ ಎಂದು ನಾನು ಸೆರಗು ಬಾಯಿಗಿಟ್ಟುಕೊಂಡೆ. ಆದರೆ ಆ ಮನುಷ್ಯನ ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ! ನನ್ನ ಹೆಂಡತಿಯ ಅಡುಗೆಮನೆಯಿಂದ ಈ ತಕ್ಕಡಿಗೆ ಏನೂ ಗಿಟ್ಟುವುದಿಲ್ಲ, ಅದು ತಕ್ಕಡಿಯ ಸೋಲು ಅಂದರು. ಮಾಮಿ ಎದ್ದು ಚಟ್ನಿಯ ರುಚಿಗೆ ಸಾಕ್ಷಿ ನುಡಿದರು. ಎಲ್ಲರೂ ಗೊಳ್ಳೆಂದು ನಕ್ಕು, ನಕ್ಕು ಮುಗಿದ ಮೇಲೆ ಲಿಫ್ಟಿನ ಹೆಂಗಸರೇ ಬಂದು, ಅದು ಹೇಗೆ ಮಾಡುವುದೆಂದು ಕೈಸನ್ನೆಯಲ್ಲಿ ಕೇಳಿದರು. ನಾನು ಹೇಳಿಕೊಟ್ಟೆ. ಸಿಪ್ಪೆ ತೊಳೆಯುವುದರಿಂದ ಹಿಡಿದು ಒಗ್ಗರಣೆಯವರೆಗೆ, ಒಂದು ಉಸಿರಿಗೆ, ಅಚ್ಚ ತಮಿಳಿನಲ್ಲಿ. ಅವರ ಮುಖ ನೀವು ನೋಡಬೇಕಿತ್ತು.

ಮಾರನೆಯ ಬೆಳಿಗ್ಗೆ ನಮ್ಮವರು ಕಾಗದದ ಎಲೆಯ ಬದಲು ಬಾಲ್ಕನಿಯ ಕರಿಬೇವಿನದೇ ಒಂದು ಎಸಳು ಮುರಿದು, ನಮ್ಮ ಬೋಳು ಬಾಗಿಲಿಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಬೀಚಿಗೆ ವಾಕಿಂಗ್ ಹೊರಟರು. ಬಂದು ನೋಡಿದರೆ ಬಾಗಿಲು ಮತ್ತೆ ಬೋಳು.

"ಎಲೆ ಎಲ್ಲೇ?"

"ಕಿತ್ತಳೆ ಸಿಪ್ಪೆ ಗೊಜ್ಜಿಗೆ ಒಗ್ಗರಣೆ ಹಾಕ್ತಿದ್ದೆ. ಕರಿಬೇವು ಕೈಗೆ ಹತ್ತಿರ ಇತ್ತು."

ಮಧ್ಯಾಹ್ನ ಅವರು ಮೊಸರನ್ನಕ್ಕೆ ಗೊಜ್ಜು ಕಲಸಿಕೊಂಡು ಉಂಡೆದ್ದರು. ತಟ್ಟೆ ತೊಳೆಯಲು ಎತ್ತಿಕೊಂಡವಳು ಅಂಚನ್ನೆಲ್ಲ ಸುತ್ತ ನೋಡಿದೆ. ಒಂದು ಎಲೆಯೂ ಇರಲಿಲ್ಲ.