ಬೆನಕಪ್ಪನ ಕಾರಿನ ಹಿಂದಿನ ದೀಪ

ಆ ಕಾಲಕ್ಕೆ ನ್ಯಾಮತಿಯ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಬಾಡಿಗೆಗೆ ನಿಲ್ಲುತ್ತಿದ್ದದ್ದು ಎರಡೇ ಕಾರು. ಒಂದನ್ನು ಜನ ಮದುವೆಗೆ ಕರೆಯುತ್ತಿದ್ದರು, ಇನ್ನೊಂದನ್ನು ಸಾವಿಗೆ. ಸಾವಿಗೆ ಕರೆಯುತ್ತಿದ್ದ ಅಂಬಾಸಿಡರ್ ಬೆನಕಪ್ಪನದು. ಎಂಬತ್ತನಾಲ್ಕರ ಕಾರ್ತಿಕದ ನಂತರ ಅವನು ಸ್ಟೀರಿಂಗ್ ಮುಟ್ಟಲಿಲ್ಲ. ಅಡಕೆ ಮಂಡಿಯಲ್ಲಿ ಚೀಲ ಹೊಲಿಯುತ್ತ ಉಳಿದ ಕಾಲ ಕಳೆದ.

ಸಾವಿನ ಬಾಡಿಗೆಯನ್ನು ಅವನೇನೂ ಬಯಸಿ ಹಿಡಿದದ್ದಲ್ಲ. ಒಂದು ಬೇಸಿಗೆಯಲ್ಲಿ ದಾವಣಗೆರೆಯ ಆಸ್ಪತ್ರೆಯ ಗೇಟಿನ ಬಳಿ ಒಬ್ಬ ಹುಡುಗ ಅಳುತ್ತ ನಿಂತಿದ್ದ. ಒಳಗೆ ಅವನ ತಂದೆ ತೀರಿಕೊಂಡಿದ್ದರು. ಊರಿಗೆ ಒಯ್ಯಲು ಯಾವ ಕಾರಿನವನೂ ಒಪ್ಪಿರಲಿಲ್ಲ. ಬೇರೆ ಬಾಡಿಗೆಗೆ ಹೋಗಿದ್ದ ಬೆನಕಪ್ಪ ಕೆಳಗಿಳಿದು ತನ್ನ ಕಾರಿನ ಹಿಂದಿನ ಬಾಗಿಲು ತೆಗೆದ. ಅಷ್ಟೇ ಆದದ್ದು. ಹೆಣ ಕೂತ ಸೀಟಿನ ಮೇಲೆ ಮದುಮಗಳನ್ನು ಕೂರಿಸುವವರು ಯಾರು?

ಕೂತ ಎಂದದ್ದು ಮಾತಿಗಲ್ಲ. ಅವನನ್ನು ಕರೆಯುತ್ತಿದ್ದವರು ಹೆಚ್ಚಾಗಿ ಲಿಂಗವಂತರು, ಸತ್ತವರನ್ನು ಕೂರಿಸಿ ಮಣ್ಣು ಮಾಡುವವರು. ಮೈ ಸೆಟೆಯುವ ಮೊದಲೇ ಕಾಲು ಮಡಚಿ, ಹಣೆಗೆ ವಿಭೂತಿ ಬಳಿದು, ಶಾಲು ಹೊದಿಸಿ, ಹಿಂದಿನ ಸೀಟಿನಲ್ಲಿ ಇಬ್ಬರು ನೆಂಟರ ನಡುವೆ ಕೂರಿಸಿ ತರುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಮೂವರು ಪ್ರಯಾಣಿಕರು. ನಡುವಿನವರು ಮಾತ್ರ ತಿರುವಿನಲ್ಲಿ ಕೈ ಊರುತ್ತಿರಲಿಲ್ಲ. "ತಗ್ಗು ಐತ್ರಪ್ಪಾ, ಹಿಡ್ಕೊಳ್ರಿ" ಎಂದು ಬೆನಕಪ್ಪ ಹೇಳುವಾಗ ಆ ಮಾತು ಮೂವರಿಗೂ ಸೇರಿದಂತೆ ಇರುತ್ತಿತ್ತು.

ಮನೆಯಲ್ಲಿದ್ದ ಹೆಂಗಸರಿಗೆ ಸಾವಿನ ಸುದ್ದಿಯನ್ನು ಮೊದಲೇ ಮುಟ್ಟಿಸುವ ವಾಡಿಕೆ ಇರಲಿಲ್ಲ. 'ಸೀರಿಯಸ್ ಐತೆ' ಎಂದಷ್ಟೇ ಹೇಳಿ ಕಳಿಸುವುದು. ಕಾರು ಊರು ಸಮೀಪಿಸಿದಾಗ ರಕ್ತ ಸಂಬಂಧದವರೊಬ್ಬರು ಮುಂದಾಗಿ ಹೋಗಿ, ತಾಯಿಯನ್ನೋ ಹೆಂಡತಿಯನ್ನೋ ಒಳಗೆ ಕರೆದು, ಹೆಗಲು ಹಿಡಿದು ಹೇಳಬೇಕು. ಇದನ್ನು ಕೆಡಿಸುತ್ತಿದ್ದದ್ದು ಕಾರಿನ ಹಿಂದಿನ ಕೆಂಪು ದೀಪ.

ದೊಡ್ಡ ರಸ್ತೆಯಿಂದ ಹಳ್ಳಿಗಳ ಕಡೆಗೆ ಒಡೆಯುವ ಕ್ರಾಸುಗಳಲ್ಲೆಲ್ಲ ಒಂದೊಂದು ಚಾದಂಗಡಿ. ಮುಂದಿನ ದೀಪ ಲಾರಿಯದೋ ಜೀಪಿನದೋ ಯಾರಿಗೆ ಗೊತ್ತು? ಆದರೆ ಮುಸ್ಸಂಜೆಯಲ್ಲಿ ಎರಡು ಕೆಂಪು ದೀಪ ಜೋಡಿಯಾಗಿ, ನಿಧಾನವಾಗಿ, ಹಳ್ಳಿಯ ದಾರಿಗೆ ಇಳಿದವೆಂದರೆ ಅದು ಬೆನಕಪ್ಪನ ಕಾರೇ. "ಯಾರೋ ಹೋದ್ರು ಕಣ್ರಲೇ" ಎಂದು ಬೆಂಚಿನಿಂದ ಎದ್ದ ಯಾವನೋ ಒಬ್ಬ ಹೊಲದ ಅಡ್ಡದಾರಿಯಲ್ಲಿ ಸೈಕಲ್ ತುಳಿದು ಕಾರಿಗಿಂತ ಮೊದಲೇ ಊರು ಸೇರುತ್ತಿದ್ದ. ಹೀಗೆ ಒಮ್ಮೆ ಕೊಟ್ರಮ್ಮ ಎಂಬ ತಾಯಿಗೆ ಮಗನ ಸಾವು ಬೀದಿಯಲ್ಲೇ ಕಿವಿಗೆ ಬಿತ್ತು. ಬೆನಕಪ್ಪ ಕಾರು ನಿಲ್ಲಿಸಿದಾಗ ಆಕೆ ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಿಡಿದುಕೊಳ್ಳಲು ಹತ್ತಿರ ಒಬ್ಬರೂ ಇರಲಿಲ್ಲ.

ಅಂದು ಅವನು ಊಟ ಮಾಡಲಿಲ್ಲ. ಮರುದಿನ ಪೇಂಟಿನ ಸಣ್ಣ ಡಬ್ಬಿ ತಂದ.

ಬಲ್ಬನ್ನೇ ಕಿತ್ತುಹಾಕಬಹುದಿತ್ತು. ಆದರೆ ದೀಪವಿಲ್ಲದ ಗಾಡಿಯನ್ನು ಪೊಲೀಸರು ಬಿಡುವುದಿಲ್ಲ. ಹತ್ತಿರ ಬಂದ ಪೊಲೀಸರಿಗೆ ಕಾಣಬೇಕು, ದೂರದ ಚಾದಂಗಡಿಗೆ ಕಾಣಬಾರದು. ಅಷ್ಟು ಹದಕ್ಕೆ ಬಣ್ಣ ಕೂರಬೇಕು. ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿ, ದೀಪದ ಸುತ್ತ ಹಳೆಯ ಪೇಪರನ್ನು ಗಂಜಿಯಿಂದ ಅಂಟಿಸಿದ. ಕಪ್ಪು ಪೇಂಟಿಗೆ ಥಿನ್ನರ್ ಬೆರೆಸಿ ನೀರಿನಷ್ಟು ತೆಳ್ಳಗೆ ಮಾಡಿ, ಸೊಳ್ಳೆಗೆ ಔಷಧಿ ಹೊಡೆಯುವ ಪಂಪಿಗೆ ಸುರಿದ. ಮೊದಲು ಹೊಡೆದದ್ದು ಕಣ್ಣೀರಿನಂತೆ ಗೆರೆಗೆರೆಯಾಗಿ ಇಳಿಯಿತು. ಬಟ್ಟೆಯಿಂದ ಒರೆಸಿ, ದೂರ ನಿಂತು, ಉಸಿರು ಹಿಡಿದು ಮತ್ತೆ ಹೊಡೆದ. ಈ ಸಲ ಬಣ್ಣ ಮಂಜಿನ ಹಾಗೆ ಗಾಜಿನ ಮೇಲೆ ಕೂತಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸಿದ್ದಲಿಂಗಮ್ಮ ಮೂಗಿಗೆ ಸೆರಗು ಹಿಡಿದಳು. "ನನಗೆ ಒಂದು ಡಬ್ಬಿ ಕಾಡಿಗೆ ತಂದುಕೊಡ್ರಿ ಅಂದ್ರೆ ಮರೀತೀರಿ. ಕಾರಿಗೆ ಹಚ್ಚಾಕೆ ಬರ್ತೈತೆ!"

"ನಿನ್ನ ಕಣ್ಣಿಗೆ ಯಾರೂ ಹೆದರಾಕಿಲ್ಲ ಬಿಡು. ಇದರ ಕಣ್ಣಿಗೆ ಹೆದರ್ತಾರೆ."

"ನನ್ನ ಕಣ್ಣಿಗೆ ಹೆದರಿದ್ದಿದ್ರೆ ನೀವು ಈ ಬಾಡಿಗೇನೇ ಹಿಡೀತಿರ್ಲಿಲ್ಲ."

ಸಂಜೆ ಅವಳನ್ನು ಓಣಿಯ ಕೊನೆಗೆ ಕಳಿಸಿ ದೀಪ ಹಾಕಿದ. "ಕಾಣ್ತೈತಾ?" ಎಂದು ಕೂಗಿದ.

"ಏನು ಕಾಣ್ಬೇಕ್ರೀ? ನಿಮ್ಮ ಬೋಳು ತಲೆ ಕಾಣ್ತೈತೆ!"

ಅವಳು ತೀರಾ ಹತ್ತಿರ ಬಂದ ಮೇಲಷ್ಟೇ "ಹೂಂ, ಕೆಂಡ ಆರಿದಂಗೆ ಕಾಣ್ತೈತೆ ನೋಡ್ರಿ" ಎಂದಳು. ಬೆನಕಪ್ಪನಿಗೆ ಸಮಾಧಾನವಾಯಿತು. ಅದೇ ಗಾಜಿನ ಹಿಂದೆ ಬ್ರೇಕಿನ ದೀಪವೂ ಇದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಆ ದಾರಿಗಳಲ್ಲಿ ಅವನ ಹಿಂದೆ ಬರುವುದಾದರೂ ಏನು? ಒಂದು ಎತ್ತಿನ ಗಾಡಿ, ಒಂದು ಸೈಕಲ್.

ಬಣ್ಣ ಕೆಲಸ ಮಾಡಿತು. ಚಾದಂಗಡಿಯವರು ಕಾರನ್ನು ಗುರುತಿಸದೆ ಹೋದರು. ಎಷ್ಟೋ ಮನೆಗಳಲ್ಲಿ ಅಣ್ಣನೋ ಮಾವನೋ ಮುಂದಾಗಿ ಹೋಗಿ ಹೇಳುವಷ್ಟು ಹೊತ್ತು ಸಿಕ್ಕಿತು. ಮಳೆಗಾಲ ಕಳೆದಾಗ ಬಣ್ಣ ಎದ್ದರೆ ಬೆನಕಪ್ಪ ಮತ್ತೆ ಪಂಪು ಹಿಡಿಯುತ್ತಿದ್ದ.

ಎಂಬತ್ತನಾಲ್ಕರ ಕಾರ್ತಿಕದಲ್ಲಿ ಗೋವಿನಕೋವಿಯ ರೈತ ಶಿವಮೂರ್ತಪ್ಪ ದಾವಣಗೆರೆಯಲ್ಲಿ ಕಾಮಾಲೆಯಿಂದ ತೀರಿಕೊಂಡ. ಹಿಂದಿನ ಸೀಟಿನಲ್ಲಿ ಅವನ ಒಂದು ಬದಿಗೆ ಸೋದರಮಾವ ಮಹೇಶ್ವರಪ್ಪ, ಇನ್ನೊಂದು ಬದಿಗೆ ಪಕ್ಕದ ಮನೆಯವನು. ತಮ್ಮ ಮುರುಗೇಶಪ್ಪ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ. ಹೊರಡುವ ಮುಂಚೆ ಅವನು ಕಾರಿನ ಕಿಟಕಿಗೆ ಬಗ್ಗಿ ಹೇಳಿದ: "ಬೆನಕಪ್ಪಾರೇ, ಅವ್ವಗೆ ನಾನೇ ಹೇಳ್ಬೇಕು. ಆಕಿ, ಅಣ್ಣ ಬರ್ತಾನೆ ಅಂತ ಗಂಜಿ ಮಾಡಿಟ್ಟಿರ್ತಾಳೆ. ಕ್ರಾಸ್ ದಾಟಿದ ಮೇಲೆ ನಾನು ಮುಂದೆ ಹೋಗ್ತೀನಿ. ನೀವು ಮೆಲ್ಲಗೆ ಬರ್ರಿ."

"ಹಂಗೇ ಆಗ್ಲಿ ಹೋಗಪ್ಪಾ. ನೀನು ಹೇಳೋವರೆಗೂ ನನ್ನ ಗಾಡಿ ಊರೊಳಗೆ ಬರಾಕಿಲ್ಲ."

ಹೊನ್ನಾಳಿ ದಾಟಿ ಗೋವಿನಕೋವಿ ಕ್ರಾಸಿಗೆ ಬಂದಾಗ ಹೊತ್ತು ಮುಳುಗಿತ್ತು. ಬೆಂಚಿನ ಮೇಲಿದ್ದವರು ತಲೆ ಎತ್ತಲಿಲ್ಲ. ಕಾರು ಮಣ್ಣಿನ ದಾರಿಗೆ ಇಳಿಯಿತು, ಹಿಂದೆ ಧೂಳು ಗೋಡೆಯಂತೆ ಎದ್ದಿತು. ಆ ಧೂಳಿನೊಳಗಿಂದ ಮೋಟಾರ್ ಸೈಕಲ್ಲಿನ ಸದ್ದು ಜೋರಾಗುವುದು ಬೆನಕಪ್ಪನಿಗೆ ಕೇಳಿಸಿತು. ಹುಡುಗ ಮುಂದೆ ಹೋಗುತ್ತಿದ್ದಾನೆ ಎಂದು ಅವನು ಕಾರನ್ನು ಪಕ್ಕಕ್ಕೆ ಎಳೆಯುವಷ್ಟರಲ್ಲಿ, ಕಾಲುವೆಯ ಏರಿಯಿಂದ ಎಮ್ಮೆಗಳು ಒಮ್ಮೆಲೇ ದಾರಿಗೆ ಇಳಿದವು. ಅವನು ಬ್ರೇಕ್ ತುಳಿದ.

ಹಿಂದಿನಿಂದ ಬಡಿದ ಪೆಟ್ಟಿಗೆ ಕಾರು ಮುಂದಕ್ಕೆ ಜಿಗಿಯಿತು. ಶಿವಮೂರ್ತಪ್ಪನ ತಲೆ ಬೆನಕಪ್ಪನ ಹೆಗಲಿಗೆ ತಾಗಿತು.

ಮುರುಗೇಶಪ್ಪ ದಾರಿಯ ಮೇಲೆ ಬಿದ್ದಿದ್ದ. ಕಿವಿಯಿಂದ ರಕ್ತ ಹರಿಯುತ್ತಿತ್ತು. ಉಸಿರಿತ್ತು. ಬೆನಕಪ್ಪ ಒಮ್ಮೆ ತನ್ನ ಕಾರಿನ ಹಿಂಭಾಗವನ್ನು ನೋಡಿದ. ಒಂದು ದೀಪ ಒಡೆದಿತ್ತು. ಇನ್ನೊಂದು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬಗ್ಗಬೇಕಾಯಿತು. ಉರಿಯುತ್ತಿತ್ತು.

ಮಲಗಿಸಿ ಒಯ್ಯಲು ಸೀಟು ಖಾಲಿಯಾಗಬೇಕಿತ್ತು. ಮೂವರೂ ಸೇರಿ ಸತ್ತವನನ್ನು ಎತ್ತಿ ದಾರಿಯ ಪಕ್ಕದ ಜಾಲಿಮರಕ್ಕೆ ಒರಗಿಸಿ ಕೂರಿಸಿದರು. "ನಾನು ಇವನ ಹತ್ರ ಇರ್ತೀನಿ. ನೀವು ಅವನ್ನ ಉಳಿಸ್ಕೊಂಡು ಬರ್ರಿ" ಎಂದು ಮಹೇಶ್ವರಪ್ಪ ಅಲ್ಲೇ ಕುಸಿದ. ಪಕ್ಕದ ಮನೆಯವನು ಮುರುಗೇಶಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಹೆಣ ಕೂತ ಕಾರನ್ನು ಎಂದೂ ಜೋರಾಗಿ ಓಡಿಸದ ಬೆನಕಪ್ಪ ಹೊನ್ನಾಳಿಯ ಕಡೆಗೆ ತಗ್ಗು ದಿಣ್ಣೆ ಲೆಕ್ಕಿಸದೆ ಓಡಿಸಿದ. ಹೊನ್ನಾಳಿಯ ಬೀದಿದೀಪಗಳು ಕಾಣುವ ಮೊದಲೇ ಹಿಂದಿನಿಂದ ದನಿ ಬಂತು.

"ಸಾಕು ನಿಲ್ಲಿಸ್ರಿ, ಬೆನಕಪ್ಪಾರೇ."

"ಇನ್ನೇನು ಬಂತು, ಇನ್ನೇನು ಬಂತು..."

"ಉಸಿರಿಲ್ಲ. ಆಸ್ಪತ್ರೆಗೆ ಹೋದ್ರೆ ಕುಯ್ತಾರೆ. ತಿರುಗಿಸ್ರಿ."

ತಿರುಗಿ ಬಂದಾಗ ಜಾಲಿಮರದ ಕೆಳಗೆ ಕಂದೀಲು ಉರಿಯುತ್ತಿತ್ತು. ಎಮ್ಮೆ ಕಾಯುವವನು ಊರಿಗೆ ಹೋಗಿ, ಶಿವಮೂರ್ತಪ್ಪ ದಾರಿಯಲ್ಲಿ ಕೂತಿದ್ದಾನೆ, ಮಾತಾಡುತ್ತಿಲ್ಲ ಎಂದಿದ್ದ. ತಾಯಿ ಸರ್ವಮಂಗಳಮ್ಮ ಬರಿಗಾಲಲ್ಲಿ ನಡೆದುಬಂದು ಮಗನ ಪಕ್ಕ ಕೂತು, ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡಿದ್ದಳು. ಅತ್ತು ಅತ್ತು ದನಿ ಕಟ್ಟಿತ್ತು. ಕಾರು ನಿಂತದ್ದನ್ನು ಕಂಡು ಆಕೆ ಕೇಳಿದಳು:

"ಮುರುಗೇಶಿ ಎಲ್ಲಿ? ಅಣ್ಣನ್ನ ಹಿಂಗೆ ಬೀದ್ಯಾಗೆ ಕುಂದ್ರಿಸಿ ಎಲ್ಲಿಗೆ ಹೋದ ಅವ್ನು?"

ಮಹೇಶ್ವರಪ್ಪ ಮುಖ ಆ ಕಡೆ ಮಾಡಿದ. ಮುರುಗೇಶಪ್ಪನಿಗೆ ಪೆಟ್ಟಾದದ್ದನ್ನು ಅಷ್ಟು ಹೊತ್ತೂ ಅಕ್ಕನಿಗೆ ಅವನು ಹೇಳಿರಲಿಲ್ಲ. ಪಕ್ಕದ ಮನೆಯವನು ಕಾರಿನಿಂದ ಇಳಿಯಲೇ ಇಲ್ಲ. ಹೇಳಬೇಕಾಗಿದ್ದವನು ಒಳಗೆ ಮಲಗಿದ್ದ.

ಬೆನಕಪ್ಪ ಆಕೆಯ ಎದುರಿಗೆ ಮಣ್ಣಿನಲ್ಲಿ ಕೂತ. "ಅವ್ವಾ, ಮುರುಗೇಶಪ್ಪನೂ ಹೋದ. ನನ್ನ ಕಾರಿಗೆ ಬಡಿದ. ಹಿಂದಿನ ದೀಪಕ್ಕೆ ನಾನು ಕರೀ ಬಣ್ಣ ಹೊಡ್ದಿದ್ದೆ. ನಾನು ಬ್ರೇಕ್ ಹಾಕಿದ್ದು ಅವನಿಗೆ ಕಾಣ್ಲಿಲ್ಲ."

ಹೆಗಲ ಮೇಲಿನ ತಲೆ ಜಾರಿದಾಗ ಆಕೆ ಮೆಲ್ಲಗೆ ಸರಿಮಾಡಿದಳು.

"ಯಾಕೆ ಹೊಡ್ದೆ?"

"ನಿಮ್ಮಂಥೋರಿಗೆ ಸುದ್ದಿ ಮೊದ್ಲೇ ಮುಟ್ಟಬಾರ್ದು ಅಂತ, ಅವ್ವಾ."

"ಮುಟ್ಟಿದ್ರೆ ಏನಾಗ್ತಿತ್ತಪ್ಪಾ?" ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ; ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. "ಒಬ್ಬನಿಗೆ ಅಳ್ತಿದ್ದೆ."

ಆಕೆ ಮಗನ ತಲೆಯನ್ನು ಮರಕ್ಕೆ ಒರಗಿಸಿ, ತಮ್ಮ ಮಹೇಶ್ವರಪ್ಪನ ಹೆಗಲು ಹಿಡಿದು ಎದ್ದು, ಕಾರಿನ ಹತ್ತಿರ ಹೋಗಿ, ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದಳು.

"ಇವ್ನ ಕಾಲು ಮಡಚ್ರಿ" ಎಂದಳು. "ಸೆಟೀತಾವೆ."