ಕುರಿಯ ದಾರಿ ಅಳಿಸಿದ್ದು

ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದ ಮೂರನೇ ದಿನ ಕಿರಾಣಿ ಅಂಗಡಿಯವರು ಕೇಳಿದರು: "ಮೈಸೂರ್ನಾಕಿ ಅಂದ್ರ ನೀವೇ ಏನ್ರಿ? ಮದುವಿ ಆಗಿಲ್ಲಂತ, ರೊಟ್ಟಿ ಬಡಿಯಾಕ ಬರಾಂಗಿಲ್ಲಂತ?" ನಾನು ಅವರ ಮುಖ ನೋಡಿದ್ದೇ ಆಗ. ಜನರ ಖಾಸಗಿ ವಿವರ ಸೋರದಂತೆ ಜಾಲತಾಣಗಳ ಮಾಹಿತಿಯನ್ನು ಅಧ್ಯಯನ ಮಾಡಲು ಬಂದವಳ ವಿವರವೇ ಓಣಿ ತುಂಬ ಸೋರಿತ್ತು! ನಮ್ಮ ಮೈಸೂರಿನಲ್ಲಿ ಎಂಟು ವರ್ಷ ಪಕ್ಕದಲ್ಲಿದ್ದವರ ಹೆಸರು ನನಗಿನ್ನೂ ಗೊತ್ತಿಲ್ಲ.

ಸೋರಿಸಿದವರು ಮನೆಯೊಡತಿ ಶಮೀಮ್ ಬೀ. ಅವರದು ಮನೆಯೊಳಗೆ ದಖನಿ ಉರ್ದು, ನನ್ನೊಡನೆ ಕನ್ನಡ. ಜಗಳಕ್ಕೆ ಹೋದರೆ, "ಒಬ್ಬಾಕಿನ ಇರ್ತೀರಿ. ಮಂದಿಗಿ ಗೊತ್ತಿದ್ರ ಚಲೋ ಅಲ್ಲೇನ್ರಿ?" ಎಂದು ಪುಂಡಿಪಲ್ಯ ಮುಂದಿಟ್ಟರು. ಹುಳಿಸೊಪ್ಪಿನ ಆ ಪಲ್ಯಕ್ಕೆ ಸಿಟ್ಟು ಇಳಿಯಿತು. ಒಂಟಿತನ ಇಳಿಯಲು ವರ್ಷ ಹಿಡಿಯಿತು.

ಕುರಿಗಾರರ ಕುಟುಂಬವೊಂದನ್ನು ಮಕ್ಕಳ ಕಳ್ಳರೆಂದು ತೋರಿಸುವ ಸುಳ್ಳು ವಿಡಿಯೊ ಮಾನ್ವಿ, ದೇವದುರ್ಗದ ಕಡೆ ಹರಿದಾಡಿತ್ತು. ಅದನ್ನು ನಂಬಿದವರು ಆ ಕುಟುಂಬದ ಎಲ್ಲವ್ವ ಎಂಬಾಕೆಯ ಗಂಡನನ್ನು ಹೊಡೆದಿದ್ದರು. ಸುಳ್ಳು ಎಲ್ಲೆಲ್ಲಿ ಹಾದು ಬಂತೆಂದು ತಿಳಿಯಲು ಜಾಲತಾಣದ ಕಂಪನಿಗೆ ಮಾಹಿತಿ ಕೇಳಿದೆ. ಬಳಕೆದಾರರ ಖಾಸಗಿತನದ ಕಾರಣ ಹೇಳಿ ಬಾಗಿಲು ಹಾಕಿದರು. ಬಿಡುವವಳಲ್ಲ ನಾನು. ಎಲ್ಲವ್ವ ಮತ್ತು ಒಪ್ಪಿದ ಇತರರಿಂದ ಅವರವರ ಖಾತೆಯ ಪ್ರತಿ ಪಡೆದೆ. ಹೆಸರು, ನಂಬರು ತೆಗೆದು, ಸುಳ್ಳು ಹಾದುಬಂದ ವಿವರದ ಜೊತೆ ಫೋನು ಯಾವ ತಿಂಗಳು ಯಾವ ಊರಲ್ಲಿತ್ತು ಎಂಬುದನ್ನು ಉಳಿಸಿದೆ. ಹೆಸರು ತೆಗೆದರೆ ಗುರುತು ಸಿಗದು ಎಂದೇ ಮೈಸೂರಿನಲ್ಲಿ ಕಲಿತಿದ್ದೆ.

ಹೆಸರಿಲ್ಲವಲ್ಲ ಎಂಬ ಧೈರ್ಯದಲ್ಲಿ ಕುರ್ಡಿ ಎಂಬ ಊರಿನ ಕಟ್ಟೆಯ ಮೇಲೆ ಹೆಂಗಸರಿಗೆ ಪಟ್ಟಿ ಓದಿದೆ. "ಆರನೇ ಖಾತೆ. ಮೊದಲು ಗಿಲ್ಲೆಸುಗೂರು, ಮುಂದಿನ ತಿಂಗಳು ಗುಂಜಹಳ್ಳಿ, ಆಮೇಲೆ ಕುರ್ಡಿ..."

ಅಜ್ಜಿಯೊಬ್ಬಳು ಎಲೆ ಅಡಿಕೆ ಜಗಿಯುತ್ತಲೇ ಅಂದಳು: "ಇದು ನಮ್ಮ ಎಲ್ಲವ್ವಂದು ಬಿಡವ್ವಾ. ಹಂಗ ಬರೂವು ಆಕಿ ಕುರಿನೇ."

ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವ ರೂಢಿ ಇಲ್ಲಿಯದು. ಯಾರ ಕುರಿ ಯಾವಾಗ ಯಾವ ಊರಲ್ಲಿ ಎಂಬುದು ಎಲ್ಲರಿಗೂ ಬಾಯಿಪಾಠ.

ಅಲ್ಲೇ ಕೂತಿದ್ದ ಎಲ್ಲವ್ವನ ಮುಖ ಬಾಡಿತು. "ಬಡದವ್ರು ಇದನ್ನ ಓದಿದ್ರ, ಮುಂದ ನಮ್ಮನ್ನ ಎಲ್ಲಿ ಹಿಡೀಬೇಕಂತ ಗೊತ್ತಾಗ್ತದಲ್ರಿ?"

ನಾಚಿಕೆಯಿಂದ ಕುಗ್ಗಿಹೋದೆ. "ಎಲ್ಲಾ ಅಳಿಸಿಬಿಡ್ಲಾ?"

"ಸುಳ್ಳಿಂದು ಅಳಸಬ್ಯಾಡ್ರಿ. ನಮ್ಮ ದಾರಿ ಅಳಸ್ರಿ."

ಅಲ್ಲೇ ಕೂತು ಊರು, ತಿಂಗಳು ಎಲ್ಲ ತೆಗೆದೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಅದು. ಮೈಸೂರಿನ ಮಾರ್ಗದರ್ಶಕರು ಫೋನಿನಲ್ಲಿ, "ಊರೇ ಇಲ್ಲದ ಪಟ್ಟಿ ಯಾರಿಗೆ ಬೇಕಮ್ಮ? ಸಾಕು, ಬಂದುಬಿಡು" ಎಂದರು. ಹೋಗಲಿಲ್ಲ. ಕಂಪನಿಗೆ ಮತ್ತೆ ಬರೆದೆ: ಮಾಹಿತಿ ನಿಮ್ಮ ಬೀಗದೊಳಗಿನ ಕಂಪ್ಯೂಟರಿನಲ್ಲೇ ಇರಲಿ, ನಾವು ಅಲ್ಲೇ ಕೂತು ಓದುತ್ತೇವೆ, ಒಟ್ಟು ಅಂಕಿ ಮಾತ್ರ ಹೊರಗೆ ತರುತ್ತೇವೆ, ಅದನ್ನೂ ಮೊದಲು ಊರಿನವರಿಗೆ ಓದಿ ಹೇಳುತ್ತೇವೆ. ಉತ್ತರವಿಲ್ಲ. ಪ್ರತಿ ತಿಂಗಳೂ ಬರೆಯುತ್ತೇನೆ, ಬೇಸರ ಅವರಿಗೇ ಬರಲಿ.

ಕೈಯಲ್ಲಿದ್ದಷ್ಟರಿಂದಲೇ ವರದಿ ಮುಗಿಸಿ, ಎಲ್ಲವ್ವನ ಒಪ್ಪಿಗೆ ಪಡೆದು ಅದೇ ಅಜ್ಜಿಗೆ ಓದಿದೆ. ಕೊನೆಯವರೆಗೆ ಕೇಳಿ, "ಪಾಪ, ಯಾರೋ ಏನೋ" ಎಂದಳು. ಎಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಪದವಿ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಈ ಬರಹದಲ್ಲಿ ಎಲ್ಲವ್ವನ ಹೆಸರು ಬದಲಿಸಿದ್ದೇನೆ. ಹೇಳಿದ ಊರುಗಳಲ್ಲಿ ಆಕೆಯ ಕುರಿ ನಿಂತೇ ಇಲ್ಲ. ಇನ್ನು ನನ್ನ ವಿಷಯ. ವರದಿಯಲ್ಲಿ ನನ್ನ ಹೆಸರಿದೆ, ಆದ್ದರಿಂದ ರಾಯಚೂರು ಎಂಬ ಮಾತೇ ಇಲ್ಲ. ಇಲ್ಲಿ ರಾಯಚೂರನ್ನು ಬಾಯಿತುಂಬ ಹೇಳಿಕೊಂಡಿದ್ದೇನೆ; ಹೆಸರು, ಊರು ಎರಡೂ ಸೇರಿದರೆ ಆಕೆಯ ದಾರಿ ಮತ್ತೆ ಸಿಕ್ಕೀತು, ಅದಕ್ಕೇ ಕೆಳಗೆ ನನ್ನ ಹೆಸರು ಹಾಕಿಲ್ಲ.