ಬಿಳಿಯ ಮೇಲೆ ಬಿಳಿ

ಕ್ಲಾಸಿನಲ್ಲಿ ಅವಳಿಗೆ ಒಂಬತ್ತಕ್ಕ ಅಂತ ಹೆಸರು ಬಿದ್ದದ್ದು ಮೊದಲ ವಾರದಲ್ಲೇ. ಬಲಗೈಯ ತೋರುಬೆರಳು ಬುಡದಿಂದಲೇ ಇರಲಿಲ್ಲ. ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದಳು. ಹತ್ತೊಂಬತ್ತು ಇಪ್ಪತ್ತರ ಮಕ್ಕಳ ನಡುವೆ ಮೂವತ್ತಾರರ ಹೆಂಗಸೊಬ್ಬಳು ಒಂಬತ್ತು ಬೆರಳಲ್ಲಿ ಟೈಪ್ ಮಾಡುತ್ತಿದ್ದರೆ ಅಡ್ಡಹೆಸರು ಇಡದೆ ಬಿಡುತ್ತಾರೆಯೇ? ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. "ಹತ್ತೂ ಇದ್ದಿದ್ರೆ ನಿಮ್ಮನ್ನೆಲ್ಲ ಯಾವತ್ತೋ ಹಿಂದೆ ಹಾಕ್ತಿದ್ದೆ. ಬದುಕ್ಕೊಂಡ್ರಿ ಹೋಗಿ" ಅನ್ನುತ್ತಿದ್ದಳು.

ಬೆರಳು ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ಅಂಗಡಿಯ ಶಟರು ಜಾರಿಬಿತ್ತು ಎಂಬ ಒಂದೇ ಉತ್ತರ. ಡಾಕ್ಟರಿಗೂ ಅದನ್ನೇ ಹೇಳಿದ್ದಳು. ಶಟರೇನು ತಾನಾಗಿ ಬೀಳುತ್ತದೆಯೇ? ಅವಳ ಗಂಡ ಮಾಂಸದಂಗಡಿಯವನು. ಗಿರಾಕಿಯೊಬ್ಬನ ಜೊತೆ ಎರಡು ಮಾತು ನಕ್ಕು ಆಡಿದಳು ಎಂದು, ಅವಳ ಕೈಯನ್ನು ಅಂಗಡಿಯ ಹೊಸ್ತಿಲ ಮೇಲೆ ಬೂಟುಗಾಲಿನಿಂದ ಅದುಮಿ ಹಿಡಿದು, ಎರಡೂ ಕೈಯಿಂದ ಶಟರನ್ನು ಎಳೆದಿದ್ದ. ಒಂದು ಸಲವಲ್ಲ, ಮೂರು ಸಲ. ಆಮೇಲೆ ನೀರಿನ ಪೈಪು ಹಿಡಿದು ಹೊಸ್ತಿಲು ತೊಳೆದ. ವ್ಯಾಪಾರದ ಹೊತ್ತು, ಬಾಗಿಲಲ್ಲಿ ಗಲೀಜು ಇರಬಾರದಲ್ಲ!

ಒಂಬತ್ತು ವರ್ಷದ ಸಂಸಾರದಲ್ಲಿ ಅದು ಮೊದಲ ಏಟೂ ಅಲ್ಲ, ದೊಡ್ಡ ಏಟೂ ಅಲ್ಲ. ಆದರೆ ಕೊನೆಯದಾಯಿತು. ಬ್ಯಾಂಡೇಜು ಬಿಚ್ಚುವ ಮೊದಲೇ ಅವಳು ಒಂದು ಕೈಚೀಲ ಹಿಡಿದು ಬೇರೆ ಊರಿನಲ್ಲಿದ್ದ ಅಕ್ಕನ ಮನೆ ಸೇರಿದಳು. ಅಕ್ಕ ಆಗಷ್ಟೇ ಮನೆ ಬದಲಾಯಿಸಿದ್ದಳು. ಹೊಸ ವಿಳಾಸ ಗಂಡನಿಗೆ ಗೊತ್ತಿರಲಿಲ್ಲ. ಬಂಧುಗಳ ಕೈಲಿ ಅವನು ಹೇಳಿಕಳಿಸಿದ್ದು ಇಷ್ಟೇ: "ಸಿಕ್ಕೇ ಸಿಗ್ತಾಳೆ. ಸಿಕ್ಕ ದಿನ ಮೊದಲು ಅವಳನ್ನ ಬಚ್ಚಿಟ್ಟವರನ್ನ ಕಡೀತೀನಿ, ಆಮೇಲೆ ಅವಳನ್ನ." ಅದು ಬಾಯಿಮಾತಲ್ಲ ಎಂದು ಅಕ್ಕತಂಗಿಯರಿಬ್ಬರಿಗೂ ಗೊತ್ತಿತ್ತು.

ಅಕ್ಕ ಮನೆಯ ಮುಂಕೋಣೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿ ಬದುಕುವವಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಮಾತು ಕಡಿಮೆ, ಕೈ ಚುರುಕು. ತಂಗಿಗೆ ಮಂಚ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದಳು. ವಿಶ್ವವಿದ್ಯಾಲಯದಲ್ಲಿ ವೆಬ್ ಪುಟ ಮಾಡುವುದನ್ನು ಕಲಿಸುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅರ್ಜಿಯನ್ನೂ ಅವಳೇ ತಂದಳು. "ಕೂತು ಮಾಡೋ ಕೆಲಸ ಅಂತೆ. ನಿಂಗೆ ಸರಿಹೋಗತ್ತೆ. ಒಂದೇ ಮಾತು ಕೇಳು, ಈ ಮನೆ ವಿಳಾಸ ಮಾತ್ರ ಯಾರ ಕಿವಿಗೂ ಹಾಕ್ಬೇಡ." ಇಷ್ಟು ಬಿಟ್ಟರೆ ಅಕ್ಕ ತಂಗಿಯಿಂದ ಇನ್ನೇನನ್ನೂ ಕೇಳಿದವಳಲ್ಲ.

ಒಂಬತ್ತಕ್ಕನಿಗೆ ಆ ವಿದ್ಯೆ ಬೇಗ ಹತ್ತಿತು. ಪುಟವೆಂದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ತಲೆ, ನಡುಭಾಗ, ಅಡಿಭಾಗ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದಾಗ, ಕೊಕ್ಕೆಗೆ ನೇತುಹಾಕಿದ ಕುರಿಯನ್ನು ಎಲ್ಲಿ ಸೀಳಬೇಕು, ಎಲ್ಲಿ ಬಿಡಿಸಬೇಕು ಎಂದು ದಿನಾ ನೋಡಿದ್ದವಳಿಗೆ ಅದು ಹೊಸದೆನಿಸಲಿಲ್ಲ. ಹುಡುಗರು ಫೋನು ನೋಡುತ್ತ ಕೂತಿದ್ದರೆ ಇವಳು ಒಂದೊಂದು ಸಾಲನ್ನೂ ನಾಲ್ಕು ಸಲ ಬರೆದು ಅಳಿಸಿ ಬರೆಯುತ್ತಿದ್ದಳು. ತನ್ನ ಕೈಯಿಂದ ಏನೋ ಒಂದು ನೆಟ್ಟಗೆ ನಿಲ್ಲುತ್ತದೆ ಎಂಬುದೇ ಅವಳಿಗೆ ದೊಡ್ಡ ಖುಷಿ. ಮನೆಗೆ ಬಂದು ಅಕ್ಕನಿಗೆ ಗಂಟೆಗಟ್ಟಲೆ ವರದಿ ಒಪ್ಪಿಸುತ್ತಿದ್ದಳು. ಅಕ್ಕನಿಗೆ ಒಂದಕ್ಷರ ಅರ್ಥವಾಗದಿದ್ದರೂ ಹೂಂಗುಟ್ಟುತ್ತ ಇಸ್ತ್ರಿ ಉಜ್ಜುತ್ತಿದ್ದಳು.

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ಪುಟ ಮಾಡಿ ನೆಟ್‌ಗೆ ಏರಿಸಬೇಕಿತ್ತು. ಮೇಷ್ಟ್ರು ಹತ್ತು ಅಂಶಗಳ ಪಟ್ಟಿ ಕೊಟ್ಟರು. ಅಂಶಕ್ಕೆ ಹತ್ತು ಅಂಕ. ತಿದ್ದುವುದು ಮೇಷ್ಟ್ರಲ್ಲ, ಅವರು ಬರೆದಿಟ್ಟಿದ್ದ ಒಂದು ಪ್ರೋಗ್ರಾಂ. ಹತ್ತನೆಯ ಅಂಶವನ್ನು ಒಂಬತ್ತಕ್ಕ ಎರಡೆರಡು ಸಲ ಓದಿದಳು. ಪುಟದ ಅಡಿಯಲ್ಲಿ ಪೂರ್ತಿ ಹೆಸರು, ಮನೆಯ ವಿಳಾಸ. ಪ್ರವೇಶದ ಅರ್ಜಿಯಲ್ಲಿ ಇದ್ದಂತೆಯೇ ಇರಬೇಕು. ಪ್ರೋಗ್ರಾಂ ಎರಡನ್ನೂ ಹೋಲಿಸಿ ನೋಡುತ್ತದೆ.

"ಸಾರ್, ವಿಳಾಸ ಹಾಕ್ಲೇಬೇಕಾ?"

"ಹಾಕದೆ ಇದ್ರೆ ಹತ್ತು ಅಂಕ ಹೋಗತ್ತಮ್ಮ, ಅಷ್ಟೆ. ಯಾಕೆ, ಏನಾದ್ರೂ ತೊಂದರೆ ಇದೆಯಾ?"

ಆ ಪ್ರಶ್ನೆಗೆ ಉತ್ತರ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರು ಕೆಟ್ಟವರಲ್ಲ. ಆದರೆ ಉತ್ತರ ಹೇಳಬೇಕಾದರೆ ಶಟರು ಜಾರಲಿಲ್ಲ ಎಂದೂ ಹೇಳಬೇಕಿತ್ತು. ಅದೂ ಇಪ್ಪತ್ತು ಹುಡುಗ ಹುಡುಗಿಯರ ಎದುರಿಗೆ. "ಏನಿಲ್ಲ ಸಾರ್" ಎಂದು ತನ್ನ ಜಾಗಕ್ಕೆ ಬಂದು ಕೂತಳು. ಹೊಡೆದವನಿಗಿಲ್ಲದ ನಾಚಿಕೆ ಹೊಡೆಸಿಕೊಂಡವರಿಗೆ ಯಾಕಿರುತ್ತದೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ತೊಂಬತ್ತಕ್ಕೆ ತೃಪ್ತಿಪಟ್ಟುಕೊಳ್ಳಬಹುದಿತ್ತು. ಆದರೆ ಹುಟ್ಟಿದಾಗಿನಿಂದ ಯಾವುದರಲ್ಲೂ ನೂರಕ್ಕೆ ನೂರು ಕಂಡವಳಲ್ಲ. ಕೈಗೆ ಬಂದದ್ದನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಎರಡು ದಿನ ಯೋಚಿಸಿ ಒಂದು ಉಪಾಯ ಮಾಡಿದಳು. ಪುಟದ ಹಿನ್ನೆಲೆ ಬಿಳಿ. ವಿಳಾಸದ ಅಕ್ಷರಗಳಿಗೂ ಬಿಳಿ ಬಣ್ಣವನ್ನೇ ಕೊಟ್ಟಳು. ಬಿಳಿಯ ಮೇಲೆ ಬಿಳಿ. ನೋಡುವವರ ಕಣ್ಣಿಗೆ ಅಲ್ಲೇನೂ ಇಲ್ಲ, ಖಾಲಿ ಜಾಗ. ಪ್ರೋಗ್ರಾಂ ಬಣ್ಣ ನೋಡುವುದಿಲ್ಲ, ಅಕ್ಷರ ಓದುತ್ತದೆ. ಮಾಂಸದ ತುಂಡಿನಡಿ ಮೂಳೆ ಇಟ್ಟು ತಕ್ಕಡಿಗೆ ಹಾಕುವ ಗಂಡನ ಚಾಳಿ ನೆನಪಾಗಿ ಅವಳಿಗೆ ನಗು ಬಂತು. ಪುಟ ಏರಿಸಿದಳು. ಪ್ರೋಗ್ರಾಂ ಹತ್ತಕ್ಕೆ ಹತ್ತೂ ಸರಿ ಎಂದಿತು. ಪಕ್ಕದ ಕಂಪ್ಯೂಟರಿನ ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ತನ್ನ ಪುಟವನ್ನು ಅವಳು ನೂರು ಸಲ ತೆರೆದು ನೋಡಿದಳು. ಆದರೆ ತನ್ನ ಹೆಸರನ್ನು ಒಂದು ಸಲವೂ ನೆಟ್‌ನಲ್ಲಿ ಹುಡುಕಿ ನೋಡಲಿಲ್ಲ. ಹುಡುಕಿದ್ದರೆ ಗೊತ್ತಾಗುತ್ತಿತ್ತು. ಹುಡುಕಿ ಕೊಡುವ ಯಂತ್ರವೂ ಬಣ್ಣ ನೋಡುವುದಿಲ್ಲ. ಅಲ್ಲಿದ್ದ ಅಕ್ಷರಗಳನ್ನು ಬಾಚಿಕೊಂಡು ಹೋಗಿ, ಹೆಸರು ಕೇಳಿದವರಿಗೆ ತನ್ನದೇ ಕಪ್ಪು ಬಣ್ಣದಲ್ಲಿ ತೋರಿಸುತ್ತದೆ.

ಪುಟ ಏರಿಸಿದ ಹನ್ನೊಂದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅವಳು ಬೀದಿಯ ತಿರುವಿಗೆ ಬಂದಾಗ ಮನೆಯ ಕಡೆಯಿಂದ ಸದ್ದು ಕೇಳಿಸಿತು. ಮರದ ದಿಮ್ಮಿಯ ಮೇಲೆ ಮಾಂಸ ಕೊಚ್ಚುವಾಗ ಬರುವಂಥ, ಒಂದೇ ಸಮನೆ ಬೀಳುವ ಸದ್ದು. ಅವಳ ಕಾಲುಗಳಿಗೆ ಮೊದಲೇ ಗೊತ್ತಾಯಿತು. ಓಡಿದಳು.

ಬಾಗಿಲ ಚಿಲಕ ಕಿತ್ತುಬಂದಿತ್ತು. ಇಸ್ತ್ರಿ ಮಾಡಿಟ್ಟಿದ್ದ ಹಾಸಿಗೆ ಬಟ್ಟೆಗಳೆಲ್ಲ ನೆಲಕ್ಕೆ ಬಿದ್ದು ಕೆಂಪಾಗಿದ್ದವು. ಅವುಗಳ ಮೇಲೆ ಅಕ್ಕ ಅಂಗಾತ ಬಿದ್ದಿದ್ದಳು. ಅವಳ ಎದೆಯ ಮೇಲೆ ಮೊಣಕಾಲೂರಿ ಕೂತಿದ್ದ ಅವನು, ಬಟ್ಟೆಗೆ ನೀರು ಚಿಮುಕಿಸುವ ಹಿತ್ತಾಳೆ ಚೊಂಬನ್ನು ಎತ್ತಿ ಎತ್ತಿ ಮುಖಕ್ಕೆ ಹೊಡೆಯುತ್ತಿದ್ದ. ಏಟಿಗೊಂದು ಸಲ ಕೇಳುತ್ತಿದ್ದ. "ಎಲ್ಲವಳು? ಹೇಳು, ಎಲ್ಲವಳು?"

ಅಕ್ಕನ ದವಡೆ ಒಂದು ಪಕ್ಕಕ್ಕೆ ತಿರುಗಿ ಹೋಗಿತ್ತು. ಆದರೂ ತಲೆ ಅಲ್ಲಾಡಿಸುತ್ತಿದ್ದಳು. ಗೊತ್ತಿಲ್ಲ, ಇಲ್ಲಿಲ್ಲ. ತಂಗಿಯಿಂದ ಕೇಳಿದ್ದ ಆ ಒಂದೇ ಮಾತನ್ನು ತಾನು ಒಡೆದ ಬಾಯಿಯಲ್ಲೂ ಉಳಿಸಿಕೊಂಡಿದ್ದಳು.

ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇನ್ನೂ ಕಾದೇ ಇತ್ತು. ಒಂಬತ್ತಕ್ಕ ವೈರು ಕಿತ್ತು ಎರಡೂ ಕೈಯಲ್ಲಿ ಹಿಡಿದು ಅವನ ಕತ್ತಿನ ಹಿಂದಕ್ಕೆ ಒತ್ತಿದಳು. ಚರ್ಮ ಅಂಟಿಕೊಂಡು ಬಂತು. ಅವನು ಅರಚಿ ತಿರುಗಿ ಅವಳ ಕೂದಲು ಹಿಡಿದು ಗೋಡೆಗೆ ಬಡಿದ. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಅವನು ಎದ್ದು ನಿಲ್ಲುವಷ್ಟರಲ್ಲಿ ಅವಳು ಕೆಳಗೆ ಕುಕ್ಕರಿಸಿ, ಪೆಟ್ಟಿಗೆಯ ಮೂತಿಯಿಂದ ಅವನ ಮೊಣಕಾಲಿನ ಪಕ್ಕಕ್ಕೆ ಕುಟ್ಟಿದಳು. ಕೀಲು ಎಲ್ಲಿ ಬಿಡಿಸಿಕೊಳ್ಳುತ್ತದೆ ಎಂದು ಒಂಬತ್ತು ವರ್ಷ ಅವನೇ ಬೈದು ಬೈದು ಕಲಿಸಿದ್ದ. ಕಲಿತದ್ದು ಪ್ರಯೋಜನಕ್ಕೆ ಬಂತು. ಅವನು ಮಗ್ಗುಲಾಗಿ ಬಿದ್ದ. ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. ಕೈ, ಭುಜ, ಮತ್ತೆ ಅದೇ ಮೊಣಕಾಲು. ಕೊಲ್ಲಬೇಕೆಂದೇ ಹೊಡೆದಳು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಕ್ಕಪಕ್ಕದವರು ನಾಲ್ಕು ಜನ ಸೇರಿ ಅವಳನ್ನು ಎಳೆದುಹಾಕದಿದ್ದರೆ ಕೊಂದೇಬಿಡುತ್ತಿದ್ದಳು.

ಪೊಲೀಸರು ಬಂದಾಗ ಅವನು ಗೋಡೆಗೊರಗಿ ಕಾಲು ಹಿಡಿದುಕೊಂಡು ಕೂತಿದ್ದ. ಅಷ್ಟು ನೋವಿನಲ್ಲೂ ಪೇದೆಯ ಕಡೆ ನೋಡಿ ಹಲ್ಲುಕಿರಿದ.

"ಸುಮ್ನೆ ನುಗ್ಗಿಲ್ಲ ಸಾರ್. ಕರೆದಿದ್ದಕ್ಕೆ ಬಂದೆ. ವಿಳಾಸ ಕೊಟ್ಟಿದ್ದೇ ಇವಳು. ನಂಬಿಕೆ ಇಲ್ದಿದ್ರೆ ನೋಡಿ."

ಪೇದೆ ಅವನ ಫೋನು ತೆಗೆದುಕೊಂಡು ಗಟ್ಟಿಯಾಗಿ ಓದಿದ. ಅವಳ ಹೆಸರು, ಅದರ ಕೆಳಗೆ ಮನೆ ನಂಬರು, ಬೀದಿ, ಯಾವುದರ ಎದುರಿಗೆ ಎಂಬುದೂ ಸೇರಿ. ಸ್ಟ್ರೆಚರಿಗೆ ಏರಿಸುತ್ತಿದ್ದ ಅಕ್ಕನಿಗೆ ಇನ್ನೂ ಎಚ್ಚರವಿತ್ತು. ಊದಿಕೊಳ್ಳದೆ ಉಳಿದ ಒಂದು ಕಣ್ಣು ಫೋನಿನ ಕಡೆ ಹೋಯಿತು. ಆಮೇಲೆ ತಂಗಿಯ ಕಡೆ ತಿರುಗಿತು.

ಅವನು ಜೈಲಿಗೆ ಹೋದ. ಮೊಣಕಾಲು ಇನ್ನು ಮಡಚುವುದಿಲ್ಲವಂತೆ. ಮೇಷ್ಟ್ರು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತರು. "ಒಂದು ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ದೆನಲ್ಲಮ್ಮ" ಎಂದು ಎರಡು ಸಲ ಹೇಳಿ ಹೊರಟುಹೋದರು. ಅಕ್ಕನ ಆರು ಹಲ್ಲು ಹೋಗಿದ್ದವು. ದವಡೆಗೆ ತಂತಿ ಕಟ್ಟಿ ಬಾಯಿ ಮುಚ್ಚಿದ್ದರು. ಐದನೆಯ ದಿನ ಅವಳು ಕೈಸನ್ನೆ ಮಾಡಿ ಪೆನ್ನು ಕೇಳಿದಳು. ನರ್ಸು ಔಷಧಿ ಚೀಟಿಯ ಹಿಂಬದಿಯನ್ನು ಕೊಟ್ಟಳು. ಅಕ್ಕ ನಿಧಾನವಾಗಿ ಬರೆದು ತಂಗಿಯ ಕಡೆ ತಳ್ಳಿದಳು.

"ಅವನು ಬರಲಿ ಅಂತ ಬರೆದೆಯಾ?"

ಅಂಥದ್ದೊಂದು ಅನುಮಾನ ಐದು ದಿನ ಆ ಮುಚ್ಚಿದ ಬಾಯೊಳಗೆ ಇತ್ತು. ಹೌದು ಎಂದರೂ ಒಂದು ಅರ್ಥವಿರುತ್ತಿತ್ತೇನೋ. ನಿಜ ಅದಕ್ಕಿಂತ ಸಣ್ಣದಾಗಿತ್ತು.

"ಇಲ್ಲಕ್ಕ. ಅಂಕಕ್ಕೆ ಬರೆದೆ."

ಅಕ್ಕ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಎಷ್ಟು?"

"ಹತ್ತು."

ಅಕ್ಕ ಅದರ ಕೆಳಗೆ ಬರೆದಳು. "ಬಂತಾ?"

"ಬಂತು" ಎಂದಳು ತಂಗಿ.

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ನರ್ಸಿಗೆ ವಾಪಸು ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ. ಸ್ಟೂಲಿನ ಮೇಲೆ ಕೂತ ತಂಗಿ ಆ ಬೆನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಏಟು ತಿಂದವಳಿಗೆ, ಯಾರಾದರೂ ತನಗೆ ಎರಡು ಬಾರಿಸಬಾರದೇ ಎಂದು ಅನ್ನಿಸಿದ್ದು ಅದೇ ಮೊದಲು.